ನಿರುದ್ಯೋಗ ಕ್ಲೇಮುಗಳನ್ನು ಟಿಪಿಎಗೆ ಒಪ್ಪಿಸುವಾಗ: ಯಾವ ಸಹಿ, ಎಷ್ಟು ಅಧಿಕಾರ, ಯಾರ ಹೊಣೆ

ಓದುಗರ ಪ್ರಶ್ನೆ: ಟೆಕ್ಸಾಸಿನ ಡಲ್ಲಾಸ್ ಬಳಿ ನಮ್ಮದೊಂದು ಸಣ್ಣ ಐಟಿ ಸೇವಾ ಕಂಪನಿ ಇದೆ. ಒಟ್ಟು 38 ನೌಕರರು. ಹೆಚ್ಚಿನವರು ಟೆಕ್ಸಾಸಿನಲ್ಲೇ ಇದ್ದಾರೆ, 9 ಮಂದಿ ಕ್ಯಾಲಿಫೋರ್ನಿಯಾದಿಂದಲೂ 4 ಮಂದಿ ಇಲಿನಾಯ್‌ನಿಂದಲೂ ಮನೆಯಲ್ಲೇ ಕೂತು ಕೆಲಸ ಮಾಡುತ್ತಾರೆ. ಎರಡು ಪ್ರಾಜೆಕ್ಟ್ ಮುಗಿದು 7 ಮಂದಿಯನ್ನು ಕೆಲಸದಿಂದ ಬಿಡಬೇಕಾಯಿತು. ಈಗ ನಿರುದ್ಯೋಗ ಭತ್ಯೆಯ ನೋಟಿಸುಗಳು ಒಂದರ ಹಿಂದೊಂದು ಬರುತ್ತಿವೆ. "ಪವರ್ ಆಫ್ ಅಟಾರ್ನಿಗೆ ಸಹಿ ಹಾಕಿಕೊಡಿ, ಎಲ್ಲವನ್ನೂ ನಾವು ನೋಡಿಕೊಳ್ಳುತ್ತೇವೆ" ಎಂದು ಒಂದು ಟಿಪಿಎ (ಥರ್ಡ್ ಪಾರ್ಟಿ ಅಡ್ಮಿನಿಸ್ಟ್ರೇಟರ್, ಅಂದರೆ ಮಾಲೀಕರ ಪರವಾಗಿ ಕ್ಲೇಮುಗಳನ್ನು ನೋಡಿಕೊಳ್ಳುವ ಹೊರಗಿನ) ಸಂಸ್ಥೆ ಕೇಳುತ್ತಿದೆ. ಸಹಿ ಹಾಕಬಹುದೇ? ಪೇರೋಲ್ ಕಂಪನಿಗೆ ಈಗಾಗಲೇ ಕೊಟ್ಟಿರುವ ಅಧಿಕಾರಪತ್ರವೇ ಸಾಲುವುದಿಲ್ಲವೇ?

ಉತ್ತರ: ಸಹಿ ಹಾಕಬಹುದು. ಮೂರು ರಾಜ್ಯಗಳಲ್ಲಿ ನೌಕರರಿದ್ದು, ಕಚೇರಿಯಲ್ಲಿ ಇದಕ್ಕೆಂದೇ ಒಬ್ಬರನ್ನು ಇಟ್ಟುಕೊಳ್ಳಲಾಗದ ಕಂಪನಿಗೆ ಟಿಪಿಎ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಒಂದು ಮಾತು ಮೊದಲೇ ತಿಳಿದಿರಲಿ: ಆ ಸಹಿಯಿಂದ ಕೆಲಸ ಮಾತ್ರ ಅವರ ಕೈಗೆ ಹೋಗುತ್ತದೆ, ಹೊಣೆ ನಿಮ್ಮಲ್ಲೇ ಉಳಿಯುತ್ತದೆ. ಅವರು ಒಂದು ನೋಟಿಸಿಗೆ ತಡವಾಗಿ ಉತ್ತರಿಸಿದರೆ ರಾಜ್ಯದ ಕಡತದಲ್ಲಿ ತಡ ಮಾಡಿದವರು ನೀವೇ.

ಇದು ಬರೀ ಎಚ್ಚರಿಕೆಯ ಮಾತಲ್ಲ, ಫೆಡರಲ್ ಕಾನೂನಿನಲ್ಲೇ ಇದೆ. ಅಕ್ಟೋಬರ್ 2011ರಲ್ಲಿ ಬಂದ ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್ ಎಕ್ಸ್‌ಟೆನ್ಷನ್ ಆ್ಯಕ್ಟ್ ನಿರುದ್ಯೋಗ ವಿಮೆಯ ಲೆಕ್ಕಕ್ಕೆ ಒಂದು ನಿಯಮ ಸೇರಿಸಿತು. ಮಾಲೀಕರು ಅಥವಾ ಅವರ ಏಜೆಂಟರು ರಾಜ್ಯ ಕೇಳಿದ ಮಾಹಿತಿಯನ್ನು ಸಮಯಕ್ಕೆ ಸರಿಯಾಗಿ, ಸಾಕಷ್ಟು ವಿವರದೊಂದಿಗೆ ಕೊಡದೆ, ಅದರಿಂದಾಗಿ ಅರ್ಹರಲ್ಲದವರಿಗೆ ಭತ್ಯೆ ಹೋಗಿದ್ದರೆ, ಮತ್ತು ಹಾಗೆ ಮಾಡುವುದು ಅವರ ರೂಢಿಯಾಗಿದ್ದರೆ, ಆ ಖರ್ಚನ್ನು ರಾಜ್ಯ ಮಾಲೀಕರ ಖಾತೆಯ ಲೆಕ್ಕದಿಂದ ಮನ್ನಾ ಮಾಡುವಂತಿಲ್ಲ. ಮುಂದೆ ಮೇಲ್ಮನವಿಯಲ್ಲಿ ಗೆದ್ದರೂ ಖರ್ಚು ಖಾತೆಯಲ್ಲೇ ಉಳಿಯುತ್ತದೆ. ಅಕ್ಟೋಬರ್ 21, 2013ರ ನಂತರ ಗೊತ್ತಾದ ತಪ್ಪು ಪಾವತಿಗಳಿಗೆ ಎಲ್ಲ ರಾಜ್ಯಗಳೂ ಇದನ್ನು ಅನ್ವಯಿಸಬೇಕು. ರೂಢಿಯಾಗುವವರೆಗೆ ಕಾಯದೆ ಮೊದಲ ತಪ್ಪಿಗೇ ಇದನ್ನು ಹೇರುವ ಸ್ವಾತಂತ್ರ್ಯವೂ ರಾಜ್ಯಗಳಿಗಿದೆ. ಆ ವಾಕ್ಯದಲ್ಲಿ ಏಜೆಂಟ್ ಎಂಬ ಪದವನ್ನು ಬೇಕೆಂದೇ ಸೇರಿಸಲಾಗಿದೆ. "ತಪ್ಪು ನಮ್ಮದಲ್ಲ, ಟಿಪಿಎಯವರದು" ಎಂಬ ವಾದಕ್ಕೆ ಅಲ್ಲಿ ಎಡೆಯಿಲ್ಲ.

ಕರ್ನಾಟಕದಲ್ಲಿ ವ್ಯವಹಾರ ನಡೆಸಿ ಇಲ್ಲಿಗೆ ಬಂದವರಿಗೆ ಇದರ ತೂಕ ತಕ್ಷಣ ಹೊಳೆಯುವುದಿಲ್ಲ. ಅಲ್ಲಿ ಇಎಸ್‌ಐಗೆ ಮಾಲೀಕರ ಪಾಲು ಸಂಬಳದ 3.25%. ಕೆಲಸ ಕಳೆದುಕೊಂಡವರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ನೆರವು ಪಡೆದರೆಂದು ಹಳೆಯ ಮಾಲೀಕರ ದರ ಏರುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಪ್ರತಿ ರಾಜ್ಯದಲ್ಲೂ ನಿಮ್ಮ ಹೆಸರಿಗೆ ಒಂದು ಖಾತೆ ಇರುತ್ತದೆ. ನಿಮ್ಮ ಮಾಜಿ ನೌಕರರು ಪಡೆದ ಭತ್ಯೆ ಅದರಲ್ಲಿ ದಾಖಲಾಗುತ್ತದೆ, ಮುಂದಿನ ವರ್ಷಗಳ ತೆರಿಗೆ ದರ ಅದನ್ನು ಅವಲಂಬಿಸಿರುತ್ತದೆ. ಟೆಕ್ಸಾಸಿನಲ್ಲಿ ಇದಕ್ಕೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಒಂದು ಕ್ಲೇಮಿನ ಪರಿಣಾಮ ಮೂರು ವರ್ಷದ ದರದಲ್ಲಿ ಕಾಣಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ವಾರಕ್ಕೆ ಗರಿಷ್ಠ 450 ಡಾಲರಿನಂತೆ 26 ವಾರ, ಅಂದರೆ ಒಬ್ಬರ ಕ್ಲೇಮಿನಿಂದ 11,700 ಡಾಲರಿನವರೆಗೂ ನಿಮ್ಮ ಮೀಸಲು ಖಾತೆಗೆ ಬೀಳಬಹುದು. ಒಂದು ನೋಟಿಸಿಗೆ ಉತ್ತರ ತಪ್ಪಿದರೆ ಪಣಕ್ಕೆ ಬೀಳುವ ಮೊತ್ತ ಅದು.

ಇನ್ನು ಪೇರೋಲ್ ಕಂಪನಿಯ ವಿಚಾರ. ಅವರಿಗೆ ನೀವು ಕೊಟ್ಟಿರುವುದು ಬಹುಶಃ ಫೆಡರಲ್ ತೆರಿಗೆ ಇಲಾಖೆ ಐಆರ್‌ಎಸ್‌ನ ಫಾರ್ಮ್ 8655. ನಿಮ್ಮ ಪರವಾಗಿ ವೇತನ ತೆರಿಗೆ ಕಟ್ಟಲು, ರಿಟರ್ನ್ ಸಲ್ಲಿಸಲು ಅದು ಸಾಕು. ಫಾರ್ಮ್ 2848 ಕೂಡ ಫೆಡರಲ್ ತೆರಿಗೆಯ ಮಟ್ಟಿಗಷ್ಟೇ. ನಿರುದ್ಯೋಗ ಕ್ಲೇಮು ರಾಜ್ಯದ ವ್ಯವಹಾರ, ಐಆರ್‌ಎಸ್‌ನ ಕಾಗದ ಅಲ್ಲಿ ನಡೆಯುವುದಿಲ್ಲ. ಪೇರೋಲ್ ಕಂಪನಿ ರಾಜ್ಯಕ್ಕೂ ಒಂದು ಅಧಿಕಾರಪತ್ರ ಹಾಕಿಸಿಕೊಂಡಿರಬಹುದು. ಅದನ್ನು ತೆಗೆದು ಓದಿ. ಅಲ್ಲಿ ತೆರಿಗೆ ಮಾತ್ರ ಇದ್ದರೆ ಕ್ಲೇಮಿಗೆ ಉತ್ತರಿಸುವ ಹಕ್ಕು ಅವರಿಗಿಲ್ಲ. ಕ್ಲೇಮೂ ಸೇರಿದ್ದರೆ ಈಗ ಹೊಸ ಟಿಪಿಎಗೂ ಅದನ್ನೇ ಕೊಡುವಾಗ ಇಬ್ಬರ ನಡುವೆ ಗೊಂದಲ ಹುಟ್ಟುತ್ತದೆ. ಕೆಲವು ಕಡೆ ಹೊಸ ಪತ್ರ ಸೇರಿದ ಕ್ಷಣ ಹಳೆಯದು ರದ್ದಾಗುತ್ತದೆ. ಹಾಗಾಗಿ ಟಿಪಿಎಗೆ ಸಹಿ ಹಾಕಿದ ಭರದಲ್ಲಿ ಪೇರೋಲ್ ಕಂಪನಿಯ ತೆರಿಗೆ ಅಧಿಕಾರ ಕಳಚಿಹೋಗದಂತೆ, ಪತ್ರದಲ್ಲಿ "ಕ್ಲೇಮು ಮತ್ತು ಭತ್ಯೆ ವಿಷಯಕ್ಕೆ ಮಾತ್ರ" ಎಂದು ಸ್ಪಷ್ಟವಾಗಿ ಗುರುತಿಸಿ.

ನಿಮಗೆ ಬೇಕಾಗುವುದು ಮೂರು ಪತ್ರ, ಒಂದಲ್ಲ. ಟೆಕ್ಸಾಸ್ ವರ್ಕ್‌ಫೋರ್ಸ್ ಕಮಿಷನ್ನಿಗೆ ಸಿ-42 ಎಂಬ ಲಿಖಿತ ಅಧಿಕಾರಪತ್ರ, ಕ್ಯಾಲಿಫೋರ್ನಿಯಾದ ಉದ್ಯೋಗ ಇಲಾಖೆ ಇಡಿಡಿಗೆ ಡಿಇ 48, ಇಲಿನಾಯ್ ಉದ್ಯೋಗ ಭದ್ರತಾ ಇಲಾಖೆಗೆ ಎಲ್‌ಇ-10. ಮನೆಯಿಂದ ಕೆಲಸ ಮಾಡುವ ನೌಕರರ ವಿಮೆ ಸಾಮಾನ್ಯವಾಗಿ ಅವರು ಕೂತು ಕೆಲಸ ಮಾಡುವ ರಾಜ್ಯಕ್ಕೆ ಸೇರುತ್ತದೆ. ಆದ್ದರಿಂದ ಆ ನಾಲ್ವರಿಗಾಗಿ ನೀವು ಇಲಿನಾಯ್‌ನಲ್ಲಿ ನೋಂದಾಯಿಸಿದ್ದೀರಾ ಎಂದು ಮೊದಲು ನೋಡಿ. ಖಾತೆಯೇ ಇಲ್ಲದ ರಾಜ್ಯದಲ್ಲಿ ಅಧಿಕಾರಪತ್ರ ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ, ಮತ್ತು ಆ ತಪ್ಪು ಕ್ಲೇಮಿಗಿಂತ ದೊಡ್ಡದು.

ಪತ್ರ ವಾಪಸ್ ಬರುವುದಕ್ಕೆ ಕಾರಣಗಳು ಬಹುಪಾಲು ಸಣ್ಣವೇ. ಖಾತೆ ಸಂಖ್ಯೆ ಇರಬೇಕಾದ ಜಾಗದಲ್ಲಿ ಫೆಡರಲ್ ಇಐಎನ್ (ಮಾಲೀಕರ ಗುರುತಿನ ಸಂಖ್ಯೆ) ಬರೆಯುವುದು ಅದರಲ್ಲೊಂದು. ಟೆಕ್ಸಾಸಿನಲ್ಲಿ ಈ ಎಡವಟ್ಟು ಸುಲಭವಾಗಿ ಆಗುತ್ತದೆ, ಯಾಕೆಂದರೆ ಎರಡೂ 9 ಅಂಕಿಯವು. ಕ್ಯಾಲಿಫೋರ್ನಿಯಾದ ವೇತನ ತೆರಿಗೆ ಖಾತೆಗೆ 8 ಅಂಕಿ, ಇಲಿನಾಯ್‌ನದಕ್ಕೆ 7. ಕಂಪನಿಯ ಹೆಸರು ರಾಜ್ಯದ ದಾಖಲೆಯಲ್ಲಿರುವಂತೆಯೇ, ಇಂಕ್ ಅಥವಾ ಎಲ್‌ಎಲ್‌ಸಿ ಸಮೇತ ಇರಬೇಕು. ಅಂಗಡಿಯ ಹೆಸರೋ ಬ್ರ್ಯಾಂಡಿನ ಹೆಸರೋ ಸಾಲದು. ಸಹಿ ಮಾಲೀಕರದು, ಪಾಲುದಾರರದು, ಕಾರ್ಪೊರೇಷನ್ ಆದರೆ ಅದರ ಆಫೀಸರ್‌ನದು ಆಗಿರಲಿ. ಎಚ್‌ಆರ್ ಮ್ಯಾನೇಜರ್ ಹಾಕಿದ ಸಹಿಯನ್ನು ಒಪ್ಪದೆ ಪತ್ರ ಹಿಂದಿರುಗಬಹುದು. ಆನ್‌ಲೈನ್ ಖಾತೆಯಿಂದಲೇ ಏಜೆಂಟರನ್ನು ಸೇರಿಸುವ ಸೌಲಭ್ಯವಿರುವ ಕಡೆ ಅದನ್ನೇ ಬಳಸಿ, ಅಲ್ಲಿ ಯಾರಿಗೆ ಯಾವ ಅಧಿಕಾರ ಇದೆ ಎಂಬುದು ಕಣ್ಣೆದುರೇ ಕಾಣುತ್ತದೆ. ಏನೇ ಆಗಲಿ, ನಿಮ್ಮ ಸ್ವಂತ ಲಾಗಿನ್ ಮತ್ತು ಪಾಸ್‌ವರ್ಡನ್ನು ಮಾತ್ರ ಟಿಪಿಎಗೆ ಕೊಡಬೇಡಿ. ಯಾರು ಏನು ಸಲ್ಲಿಸಿದರು ಎಂಬ ಗುರುತೇ ಆಗ ಅಳಿಸಿಹೋಗುತ್ತದೆ.

ರಾಜ್ಯಗಳು ಈ ಕಾಗದಕ್ಕೆ ಇಷ್ಟು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ನೌಕರರ ಸಂಬಳ, ಭತ್ಯೆ, ಕೆಲಸ ಬಿಟ್ಟ ಕಾರಣ ಎಲ್ಲವೂ ಗೋಪ್ಯ ಮಾಹಿತಿ. ಫೆಡರಲ್ ನಿಯಮಾವಳಿಯ 20ನೇ ಶೀರ್ಷಿಕೆಯ 603ನೇ ಭಾಗದ ಪ್ರಕಾರ ಏಜೆಂಟರಿಗೆ ಅದನ್ನು ತೋರಿಸಬೇಕಾದರೆ ಸಾಮಾನ್ಯವಾಗಿ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ರಾಜ್ಯ ನಂಬಬಹುದಾದ ವಿದ್ಯುನ್ಮಾನ ಒಪ್ಪಿಗೆಯೂ ನಡೆಯುತ್ತದೆ. ನಿರುದ್ಯೋಗ ಕಾನೂನಿನ ವಿಷಯಕ್ಕೆಂದೇ ನೀವು ನೇಮಿಸಿದ ವಕೀಲರಿಗೆ ಇದರಲ್ಲಿ ಸ್ವಲ್ಪ ರಿಯಾಯಿತಿ ಇದೆ, ಟಿಪಿಎಗೆ ಇಲ್ಲ. ನಿಮ್ಮ ನೌಕರರ ವಿವರಗಳನ್ನು ಕಾಯುವ ಬೇಲಿ ಅದು. ಹಾಗಾಗಿ ಒಪ್ಪಂದದಲ್ಲಿಯೂ, ಈ ಮಾಹಿತಿಯನ್ನು ಕ್ಲೇಮಿನ ಕೆಲಸಕ್ಕಲ್ಲದೆ ಬೇರೆ ಯಾವುದಕ್ಕೂ ಬಳಸುವಂತಿಲ್ಲ, ಯಾರಿಗೂ ಮಾರುವಂತಿಲ್ಲ ಎಂಬ ಷರತ್ತು ಇರಲೇಬೇಕು.

ಅಧಿಕಾರ ಎಷ್ಟು ಕೊಡಬೇಕು? ಕ್ಲೇಮಿನ ಕೆಲಸ ಎಂದರೆ ಒಂದೇ ಕೆಲಸವಲ್ಲ. ಮೊದಲ ನೋಟಿಸಿಗೆ ಉತ್ತರ, ರಾಜ್ಯ ಆಮೇಲೆ ಕೇಳುವ ಹೆಚ್ಚಿನ ವಿವರ, ನಿರ್ಣಯದ ಮೇಲೆ ಮೇಲ್ಮನವಿ, ವಿಚಾರಣೆಯಲ್ಲಿ ಹಾಜರಿ, ಖಾತೆಗೆ ಬಿದ್ದ ಖರ್ಚಿನ ಪಟ್ಟಿಯ ಪರಿಶೀಲನೆ, ವರ್ಷದ ದರದ ನೋಟಿಸಿನ ಪರಿಶೀಲನೆ, ಇವೆಲ್ಲ ಬೇರೆ ಬೇರೆ. ಮೊದಲ ವರ್ಷ ದರದ ವಿಚಾರವನ್ನೂ ತೆರಿಗೆ ಪಾವತಿಯನ್ನೂ ನಿಮ್ಮಲ್ಲೇ ಇಟ್ಟುಕೊಂಡು ಉಳಿದದ್ದನ್ನು ಕೊಡುವುದು ನನ್ನ ಸಲಹೆ. ಮೇಲ್ಮನವಿ ಹಾಕುವ ಮುನ್ನ ಪ್ರತಿ ಸಲವೂ ನಿಮ್ಮ ಲಿಖಿತ ಒಪ್ಪಿಗೆ ಬೇಕು ಎಂದು ಒಪ್ಪಂದದಲ್ಲಿ ಬರೆಸಿ.

ಹೆಚ್ಚು ಜನ ಜಾರಿ ಬೀಳುವುದು ವಿಳಾಸದ ವಿಷಯದಲ್ಲಿ. ಅಧಿಕಾರಪತ್ರ ಸಲ್ಲಿಸಿದ ಮಾತ್ರಕ್ಕೆ ನೋಟಿಸುಗಳು ಟಿಪಿಎಗೆ ಹೋಗತೊಡಗುತ್ತವೆ ಎಂದು ನಂಬಬೇಡಿ. ಟೆಕ್ಸಾಸಿನಲ್ಲಿ ಕ್ಲೇಮು ನೋಟಿಸಿಗೆಂದೇ ಪ್ರತ್ಯೇಕ ವಿಳಾಸ ಗೊತ್ತುಪಡಿಸುವ ಕ್ರಮವಿದೆ. ಅದನ್ನು ಮಾಡದಿದ್ದರೆ ಟಿಪಿಎ ಅಧಿಕಾರ ಹಿಡಿದು ಕಾಯುತ್ತಿರುತ್ತದೆ, ನೋಟಿಸು ನಿಮ್ಮ ಹಳೆಯ ಕಚೇರಿಯ ಅಂಚೆಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ಉಲ್ಟಾ ಅಪಾಯವೂ ಇದೆ: ವಿಳಾಸ ಬದಲಿಸಿದ ಮೇಲೆ ನಿಮಗೆ ಒಂದು ಪ್ರತಿಯೂ ಬರದೆ, ಅವರು ಏನು ಮಾಡುತ್ತಿದ್ದಾರೆ ಎಂಬುದೇ ಗೊತ್ತಾಗದಿರಬಹುದು. ಆನ್‌ಲೈನ್ ಖಾತೆಯಲ್ಲಿ ನಿಮ್ಮ ಪ್ರವೇಶ ಉಳಿಸಿಕೊಂಡು, ವಾರಕ್ಕೊಮ್ಮೆ ಒಳಹೊಕ್ಕು ಬಾಕಿ ನೋಟಿಸುಗಳನ್ನು ನೀವೇ ಎಣಿಸಿ. ಹತ್ತು ನಿಮಿಷದ ಕೆಲಸ.

ಇದೇ ಸಂದರ್ಭದಲ್ಲಿ ಸೈಡ್ಸ್ ಬಗ್ಗೆ ವಿಚಾರಿಸಿ. ರಾಜ್ಯಗಳೂ ಮಾಲೀಕರೂ ಕ್ಲೇಮಿನ ಮಾಹಿತಿಯನ್ನು ವಿದ್ಯುನ್ಮಾನವಾಗಿ ವಿನಿಮಯ ಮಾಡಿಕೊಳ್ಳುವ ಜಾಲ ಅದು. ದೊಡ್ಡ ಟಿಪಿಎಗಳು ತಮ್ಮ ಕಂಪ್ಯೂಟರನ್ನು ನೇರವಾಗಿ ಅದಕ್ಕೆ ಜೋಡಿಸಿರುತ್ತವೆ. ಸಣ್ಣ ಕಂಪನಿಗಳಿಗೆ ಇ-ರೆಸ್ಪಾನ್ಸ್ ಎಂಬ ಉಚಿತ ಜಾಲತಾಣವಿದೆ. ಇಐಎನ್, ರಾಜ್ಯದ ಖಾತೆ ಸಂಖ್ಯೆ ಮತ್ತು ರಾಜ್ಯ ಕೊಟ್ಟ ಪಿನ್ ಇದ್ದರೆ ಉತ್ತರವನ್ನೂ ದಾಖಲೆಗಳನ್ನೂ ಅಲ್ಲೇ ಸಲ್ಲಿಸಬಹುದು. ವರ್ಷಕ್ಕೆ ಮೂರೋ ನಾಲ್ಕೋ ಕ್ಲೇಮು ಬರುವ ಕಂಪನಿಗೆ ಇದೇ ಸಾಕಾಗಬಹುದು. ಟಿಪಿಎಗೆ ಹಣ ಕೊಡುವ ಮುನ್ನ ಇದನ್ನು ಯೋಚಿಸಿ.

ಈಗ ಗಡುವುಗಳು. ಟೆಕ್ಸಾಸಿನಲ್ಲಿ ಮೊದಲ ನೋಟಿಸಿಗೆ, ಅದನ್ನು ಕಳಿಸಿದ ದಿನಾಂಕದಿಂದ 14 ದಿನ. ಅದು ಮೀರಿದರೆ ಆ ಕ್ಲೇಮಿನಲ್ಲಿ ಮಾಲೀಕರು ತಮ್ಮ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟಂತೆ ಎಂದು ಕಾನೂನೇ ಹೇಳುತ್ತದೆ. ಬರಹದ ಅಥವಾ ಯಂತ್ರದ ತಪ್ಪು ಮಾತ್ರ ಇದಕ್ಕೆ ಹೊರತು. ಮೇಲ್ಮನವಿಗೂ 14 ದಿನ. ಕ್ಯಾಲಿಫೋರ್ನಿಯಾದಲ್ಲಿ ಕೊನೆಯ ಮಾಲೀಕರಿಗೆ ಬರುವ ಡಿಇ 1101ಸಿಝೆಡ್ ನೋಟಿಸಿಗೆ 10 ದಿನ, ಭತ್ಯೆಯ ಲೆಕ್ಕಕ್ಕೆ ತಾವು ಕೊಟ್ಟ ಸಂಬಳ ಸೇರಿದ ಮಾಲೀಕರಿಗೆ ಬರುವ ಡಿಇ 1545ಕ್ಕೆ 15 ದಿನ, ವರ್ಷಕ್ಕೊಮ್ಮೆ ಬರುವ ಖರ್ಚಿನ ಪಟ್ಟಿ ಡಿಇ 428ಟಿಗೆ ಆಕ್ಷೇಪಿಸಲು 60 ದಿನ. ಇಲಿನಾಯ್‌ನಲ್ಲಿ ಕ್ಲೇಮಿನ ನೋಟಿಸಿಗೆ 10 ದಿನ. ಇವೆಲ್ಲ ಶನಿವಾರ ಭಾನುವಾರ ಸೇರಿದ ದಿನಗಳು, ಮತ್ತು ಎಣಿಕೆ ಶುರುವಾಗುವುದು ನೋಟಿಸು ನಿಮ್ಮ ಕೈ ಸೇರಿದಾಗ ಅಲ್ಲ, ಹೊರಟಾಗ. ಅಂಚೆಯಲ್ಲಿ ನಾಲ್ಕು ದಿನ, ನಿಮ್ಮ ಮೇಜಿನ ಮೇಲೆ ಮೂರು ದಿನ ಕಳೆದರೆ ಹತ್ತರಲ್ಲಿ ಉಳಿಯುವುದು ಮೂರೇ.

ಆದ್ದರಿಂದ ಟಿಪಿಎ ಇಟ್ಟುಕೊಂಡವರು ಬದಲಿಸಬೇಕಾದದ್ದು ತಮ್ಮ ಕಚೇರಿಯ ಅಭ್ಯಾಸವನ್ನು. ನೋಟಿಸು ಬಂದ ಮೇಲೆ ಅವರು ಕೇಳುತ್ತಾರೆ, ಆಮೇಲೆ ಹುಡುಕಿ ಕಳಿಸೋಣ ಎಂದರೆ ಸಮಯ ಸಾಲುವುದಿಲ್ಲ. ಯಾರೇ ಕೆಲಸ ಬಿಟ್ಟರೂ ಒಂದು ಅಥವಾ ಎರಡು ಕೆಲಸದ ದಿನಗಳೊಳಗೆ ವಿವರ ಟಿಪಿಎಗೆ ಹೋಗಬೇಕು: ನಿಜವಾಗಿ ಕೆಲಸ ಮಾಡಿದ ಕೊನೆಯ ದಿನ, ಸಂಬಳ ಕೊಟ್ಟ ಕೊನೆಯ ದಿನ, ಯಾರು ಬಿಡಿಸಿದರು ಅಥವಾ ಯಾರಿಗೆ ರಾಜೀನಾಮೆ ಕೊಟ್ಟರು, ಆಗ ಆಡಿದ ಮಾತು, ಕಡೆಯಲ್ಲಿ ಕೊಟ್ಟ ಹಣ ಯಾವ ಯಾವ ಬಾಬ್ತಿನದು. ಈ ಕೊನೆಯದನ್ನು ಬಿಡಿಸಿ ಬರೆಯಿರಿ. ಟೆಕ್ಸಾಸಿನಲ್ಲಿ ಮುನ್ಸೂಚನೆಗೆ ಬದಲಾಗಿ ಕೊಟ್ಟ ಸಂಬಳ ಮತ್ತು ಸೆವೆರೆನ್ಸ್ (ಕೆಲಸದಿಂದ ಬಿಡುವಾಗ ಕೊಡುವ ಪರಿಹಾರ ಹಣ), ಇವೆರಡೂ ಭತ್ಯೆಯನ್ನು ಮುಂದಕ್ಕೆ ತಳ್ಳುತ್ತವೆ. ಆದರೆ ದಾವೆ ಹೂಡುವುದಿಲ್ಲ ಎಂಬ ಬಿಡುಗಡೆ ಪತ್ರಕ್ಕೆ ಪ್ರತಿಯಾಗಿ ಕೊಟ್ಟ ಹಣಕ್ಕೆ ಆ ಲೆಕ್ಕವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸೆವೆರೆನ್ಸ್ ಸಾಮಾನ್ಯವಾಗಿ ಭತ್ಯೆಗೆ ಅಡ್ಡ ಬರುವುದಿಲ್ಲ. "ಒಟ್ಟು ಇಷ್ಟು ಕೊಟ್ಟೆವು" ಎಂಬ ಒಂದೇ ಸಾಲಿನ ಉತ್ತರದಿಂದ ಈ ವ್ಯತ್ಯಾಸ ಮಾಡಲಾಗದು.

"ಕೆಲಸ ಸರಿಯಿರಲಿಲ್ಲ", "ಕಂಪನಿ ನಿಯಮ ಮುರಿದರು" ಎಂಬಂಥ ಉತ್ತರಗಳು ಸಮಯಕ್ಕೆ ಹೋದರೂ ಸಾಕಷ್ಟು ವಿವರವಿಲ್ಲದವು ಎಂದು ಎಣಿಕೆಯಾಗುವ ಅಪಾಯವಿದೆ. 2011ರ ಕಾನೂನು ಕೇಳುವುದು ಎರಡನ್ನೂ, ಸಮಯವನ್ನೂ ವಿವರವನ್ನೂ. ಯಾವ ನಿಯಮ, ಅದು ನೌಕರರಿಗೆ ಗೊತ್ತಿತ್ತು ಎನ್ನಲು ಅವರ ಸಹಿ ಎಲ್ಲಿದೆ, ಎಚ್ಚರಿಕೆ ಕೊಟ್ಟ ತಾರೀಖುಗಳು ಯಾವುವು, ಕಡೆಯ ಘಟನೆ ಯಾವತ್ತು ನಡೆಯಿತು, ಇಷ್ಟನ್ನು ದಾಖಲೆ ಸಮೇತ ಕೊಡಬೇಕು. ದುರ್ನಡತೆಯಿಂದ ತೆಗೆದೆವು ಎಂದರೆ ಅದನ್ನು ಸಾಬೀತುಪಡಿಸುವ ಭಾರ ಮಾಲೀಕರದು. ಕೆಲಸ ಬರಲಿಲ್ಲ ಎಂಬ ಅಸಾಮರ್ಥ್ಯ ಸಾಮಾನ್ಯವಾಗಿ ದುರ್ನಡತೆ ಅನ್ನಿಸಿಕೊಳ್ಳುವುದಿಲ್ಲ.

ನಿಮ್ಮ ಏಳು ಮಂದಿಯ ವಿಷಯಕ್ಕೆ ಬರೋಣ. ಪ್ರಾಜೆಕ್ಟ್ ಮುಗಿದು ಬಿಟ್ಟಿದ್ದೀರಿ. ಅದು ಲೇಆಫ್. ಹಾಗೆಂದೇ ಬರೆಯಿರಿ, ತಕರಾರು ಎತ್ತಬೇಡಿ. ಈ ವಿಮೆ ಇರುವುದೇ ಅಂಥವರಿಗಾಗಿ, ನೀವು ಕಟ್ಟಿದ ತೆರಿಗೆಯೂ ಅದಕ್ಕಾಗಿಯೇ. ಬಂದ ಕ್ಲೇಮನ್ನೆಲ್ಲ ಪ್ರಶ್ನಿಸುವ ಟಿಪಿಎಗಳಿವೆ, ಅದರಿಂದ ದೂರವಿರಿ. ಬಾಡಿಗೆ ಕಟ್ಟಬೇಕಾದ ಮನೆಗೆ ಭತ್ಯೆ ವಾರಗಟ್ಟಲೆ ತಡವಾಗುತ್ತದೆ, ರಾಜ್ಯದ ಮುಂದೆ ನಿಮ್ಮ ಮಾತಿನ ಬೆಲೆಯೂ ಕಡಿಮೆಯಾಗುತ್ತದೆ, ಸುಳ್ಳು ಹೇಳಿಕೆಗೆ ದಂಡವೂ ಬೀಳಬಹುದು. "ಕ್ಲೇಮು ಹಾಕುವುದಿಲ್ಲ" ಎಂದು ನೌಕರರಿಂದ ಬರೆಸಿಕೊಳ್ಳುವುದು ಟೆಕ್ಸಾಸ್ ಕಾನೂನಿನಲ್ಲಿ ಊರ್ಜಿತವಲ್ಲ, ಹಾಗೆ ಬರೆಸಿಕೊಳ್ಳಿ ಎನ್ನುವ ಸಲಹೆಗಾರರನ್ನು ನಂಬಬೇಡಿ.

ಆ ಏಳರಲ್ಲಿ ಎಚ್-1ಬಿ ವೀಸಾದ ನೌಕರರೂ ಇರಬಹುದು. ಅವರ ಸಂಬಳಕ್ಕೂ ನೀವು ಈ ತೆರಿಗೆ ಕಟ್ಟಿರುತ್ತೀರಿ. ಕೆಲಸ ಹೋದ ಮೇಲೆ ಅವರು ಬೇರೆ ಕೆಲಸಕ್ಕೆ ಕಾನೂನುಬದ್ಧವಾಗಿ ಲಭ್ಯರೇ ಎಂಬ ಪ್ರಶ್ನೆ ಬರುತ್ತದೆ, ಅದನ್ನು ತೀರ್ಮಾನಿಸುವುದು ರಾಜ್ಯ. ಕೆಲಸ ಬಿಟ್ಟ ದಿನಾಂಕವನ್ನೂ ಕಾರಣವನ್ನೂ ಸರಿಯಾಗಿ ತಿಳಿಸಿದರೆ ನಿಮ್ಮ ಪಾಲು ಮುಗಿಯಿತು. "ನಿಮಗೆ ಸಿಗುವುದಿಲ್ಲ, ಅರ್ಜಿ ಹಾಕಬೇಡಿ" ಎಂದು ನೀವಾಗಲಿ ಟಿಪಿಎಯಾಗಲಿ ಅವರಿಗೆ ಹೇಳಬಾರದು.

ವಿಚಾರಣೆಯವರೆಗೆ ಹೋದರೆ, ಅದು ಹೆಚ್ಚಾಗಿ ಫೋನಿನಲ್ಲೇ ನಡೆಯುತ್ತದೆ. ಟಿಪಿಎ ಪ್ರತಿನಿಧಿ ಪ್ರಶ್ನೆ ಕೇಳಬಹುದು, ದಾಖಲೆ ಮಂಡಿಸಬಹುದು. ಆದರೆ ಘಟನೆಯನ್ನು ಕಣ್ಣಾರೆ ಕಂಡವರು ಅವರಲ್ಲ, ನಿಮ್ಮ ಮ್ಯಾನೇಜರ್. ಎಚ್‌ಆರ್‌ನವರು "ಹೀಗೆ ಆಯಿತಂತೆ" ಎಂದು ಹೇಳುವುದು, ನೌಕರರು ಪ್ರಮಾಣ ಮಾಡಿ ಹೇಳುವ ನೇರ ಮಾತಿನ ಮುಂದೆ ನಿಲ್ಲುವುದಿಲ್ಲ. ಗೆಲ್ಲಬೇಕಾದ ಎಷ್ಟೋ ಪ್ರಕರಣಗಳು ಸೋಲುವುದು ಇಲ್ಲಿಯೇ. ವಿಚಾರಣೆಯ ನೋಟಿಸು ಬಂದ ದಿನವೇ ಆ ಮ್ಯಾನೇಜರ್‌ಗೆ ಸಮಯ ಗೊತ್ತುಪಡಿಸಿ, ದಾಖಲೆಗಳ ಪ್ರತಿ ಎದುರು ಪಕ್ಷಕ್ಕೂ ಮುಂಚಿತವಾಗಿ ಹೋಗುವಂತೆ ನೋಡಿಕೊಳ್ಳಿ.

ಇನ್ನೊಂದು ಅಪಾಯ ಕೋವಿಡ್ ಕಾಲದಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಈಗಲೂ ಕೆಲಸದಲ್ಲಿರುವ ನೌಕರರ ಹೆಸರು, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಕದ್ದು ಬೇರೆ ಯಾರೋ ಕ್ಲೇಮು ಹಾಕುತ್ತಾರೆ. ನೋಟಿಸು ನಿಮ್ಮ ಕಚೇರಿಗೆ ಬಂದರೆ "ಇವರು ಪಕ್ಕದ ಕೋಣೆಯಲ್ಲೇ ಕೂತಿದ್ದಾರಲ್ಲ" ಎಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಟಿಪಿಎಗೆ ಹೋದರೆ ಅವರಿಗೆ ಅದು ಬರೀ ಒಂದು ಹೆಸರು. ಪ್ರತಿ ಹೊಸ ಕ್ಲೇಮಿನ ಹೆಸರನ್ನು ಅದೇ ದಿನ ನಿಮಗೆ ಇಮೇಲ್ ಮಾಡಬೇಕು ಎಂದು ಗೊತ್ತು ಮಾಡಿಕೊಳ್ಳಿ. ನಕಲಿ ಎಂದು ಕಂಡರೆ ನೋಟಿಸಿಗೆ ಹಾಗೆಂದು ಉತ್ತರಿಸಿ, ರಾಜ್ಯದ ವಂಚನೆ ವಿಭಾಗಕ್ಕೆ ತಿಳಿಸಿ, ಆ ನೌಕರರಿಗೂ ಹೇಳಿ.

ಒಪ್ಪಂದದಲ್ಲಿ ಹಣದ ಭಾಗವನ್ನು ನಿಧಾನವಾಗಿ ಓದಿ. ವರ್ಷಕ್ಕಿಷ್ಟು ಎಂದೋ ಕ್ಲೇಮಿಗಿಷ್ಟು ಎಂದೋ ಇದ್ದರೆ ಸರಿ. "ಉಳಿಸಿಕೊಟ್ಟ ಹಣದಲ್ಲಿ ಇಷ್ಟು ಪಾಲು" ಎಂದಿದ್ದರೆ ಬೇಡ ಎನ್ನುತ್ತೇನೆ, ಅದು ಎಲ್ಲ ಕ್ಲೇಮನ್ನೂ ಪ್ರಶ್ನಿಸುವ ಚಟಕ್ಕೆ ನೀವೇ ಹಣ ಸುರಿದಂತೆ. ತಡವಾದ ಉತ್ತರದಿಂದ ನಿಮ್ಮ ಖಾತೆಗೆ ಬಿದ್ದ ಖರ್ಚನ್ನು ಅವರು ಭರಿಸಬೇಕು ಎಂಬ ಷರತ್ತು ಹಾಕಿ. ರಾಜ್ಯ ನಿಮ್ಮನ್ನೇ ಹಿಡಿಯುವುದರಿಂದ ಅವರಿಂದ ವಸೂಲಿಗೆ ಉಳಿಯುವ ದಾರಿ ಒಪ್ಪಂದ ಒಂದೇ. ಪ್ರತಿ ಉತ್ತರದ ಪ್ರತಿ, ಸಲ್ಲಿಸಿದ ದಿನಾಂಕ ಮತ್ತು ರಾಜ್ಯದಿಂದ ಬಂದ ದೃಢೀಕರಣ ಸಂಖ್ಯೆ ತಿಂಗಳಿಗೊಮ್ಮೆ ನಿಮ್ಮ ಕೈ ಸೇರಲಿ.

ಮುಂದೊಂದು ದಿನ ಟಿಪಿಎ ಬದಲಿಸಿದರೆ, ಅವರಿಗೆ ಬರೆದ ರದ್ದತಿ ಪತ್ರ ಸಾಲದು. ಮೂರೂ ರಾಜ್ಯಗಳಿಗೆ ಬೇರೆ ಬೇರೆಯಾಗಿ ರದ್ದತಿ ತಿಳಿಸಿ, ಕ್ಲೇಮಿನ ವಿಳಾಸವನ್ನು ಹಿಂದಕ್ಕೆ ತಂದುಕೊಳ್ಳಿ, ಆನ್‌ಲೈನ್ ಪ್ರವೇಶ ತೆಗೆಯಿರಿ, ಸೈಡ್ಸ್‌ನಲ್ಲಿ ನಿಮ್ಮ ಖಾತೆ ಹಳೆಯವರಿಗೆ ಜೋಡಿಸಿಕೊಂಡಿದ್ದರೆ ಬಿಡಿಸಿ. ನಡೆಯುತ್ತಿರುವ ಮೇಲ್ಮನವಿಗಳ ಪಟ್ಟಿ, ಗಡುವುಗಳ ಸಮೇತ, ರದ್ದತಿಗೆ ಮುಂಚೆಯೇ ಬರೆಸಿಕೊಳ್ಳಿ. ಹಳೆಯವರು ಕೈಬಿಟ್ಟು ಹೊಸಬರು ಕೈಗೆತ್ತಿಕೊಳ್ಳುವ ಆ ಎರಡು ಮೂರು ವಾರಗಳ ನಡುವೆ ಬಂದ ನೋಟಿಸುಗಳಿಗೆ ನೀವೇ ಉತ್ತರಿಸಬೇಕಾಗುತ್ತದೆ.